ನೂರಹನ್ನೆರಡು ಅಡಿ ಗೋಡೆಯ ಒಬ್ಬನೇ ಓದುಗ

ಇಲ್ಲಿ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಯಾರ ಮುಂದೆ ಬೇಕಾದರೂ ಆಣೆ ಇಟ್ಟು ಹೇಳಬಹುದು. ಬಳಿದೂ ಬಳಿದೂ ಒಂದು ಗೋಡೆಯ ಮೇಲೆ ಬಣ್ಣವೇ ಕಿರುಬೆರಳಿನಷ್ಟು ದಪ್ಪ ಕೂತಿದೆ, ಅದರಿಂದಾಗಿ ಪಕ್ಕದ ಗೇಟು ಪೂರ್ತಿ ತೆರೆಯುತ್ತಿಲ್ಲ ಎಂದರೆ ನಗುವವರು ಅಳತೆಪಟ್ಟಿ ಹಿಡಿದುಕೊಂಡು ಬರಬಹುದು. ಬರುವುದಿದ್ದರೆ ಸೋಮವಾರದೊಳಗೆ ಬಂದುಬಿಡಬೇಕು. ಆಮೇಲೆ ಆ ಗೋಡೆ ಹೀಗಿರುವುದಿಲ್ಲ.

ಇವತ್ತು ಶನಿವಾರ, ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಐವತ್ತಾರು ವರ್ಷದ ಪೇಂಟರೊಬ್ಬರು ಸೈಕಲ್ ತಳ್ಳಿಕೊಂಡು ಬರುತ್ತಾರೆ. ಹ್ಯಾಂಡಲ್ಲಿಗೆ ಎರಡು ಬಕೆಟ್, ಉದ್ದದ ಕೋಲಿಗೆ ರೋಲರ್, ದಾರ ಕಟ್ಟಿದ ಕನ್ನಡಕ. ಸೈಕಲ್ ಒರಗಿಸಿ, ಕನ್ನಡಕ ಏರಿಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಯ ಎಡತುದಿಯಿಂದ ಓದುತ್ತಾ ಹೊರಡುತ್ತಾರೆ. ಒಂದನ್ನೂ ಬಿಡುವುದಿಲ್ಲ. ಅರ್ಥವಾಗದ ಕೈಬರಹ ಬಂದರೆ ಹಿಂದೆ ಸರಿದು, ತಲೆ ಓರೆ ಮಾಡಿ, ಮತ್ತೆ ಓದುತ್ತಾರೆ. ಬಲತುದಿ ಮುಟ್ಟಿದ ಮೇಲೆಯೇ ಬಕೆಟ್ಟಿನ ಮುಚ್ಚಳ ತೆಗೆಯುವುದು. ಆಮೇಲೆ ಓದಿದ್ದನ್ನೆಲ್ಲ ಬಿಳಿ ಬಳಿದು ಅಳಿಸಿಹಾಕುತ್ತಾರೆ.

ಇದು ಹಾಡುಗಾರನ ಮನೆಯ ಕಾಂಪೌಂಡ್ ಗೋಡೆ. ಯಾವ ಹಾಡುಗಾರ ಎಂದು ಈ ಬೀದಿಯಲ್ಲಿ ಯಾರೂ ಕೇಳುವುದಿಲ್ಲ. ಮೂವತ್ತು ವರ್ಷ ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಪಕ್ಕದ ಮನೆಯ ಮೊಬೈಲಿನಲ್ಲಿ ಬಿಡುವಿಲ್ಲದೆ ಹಾಡಿದ ಮನುಷ್ಯ ಹದಿನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಏಳಲೇ ಇಲ್ಲ. ಜನ ಬಂದರು. ಗೇಟು ತೆರೆಯಲಿಲ್ಲ. ಒಳಗೆ ಹೋಗಿ ಹೇಳಬೇಕೆಂದು ತಂದಿದ್ದ ಮಾತುಗಳನ್ನು ಗೋಡೆಯ ಮೇಲೆ ಬರೆದು ಹೋದರು. ಗೋಡೆ ರಸ್ತೆಗೆ ಮುಖ ಮಾಡಿರುವುದರಿಂದ ವಾರಕ್ಕೊಮ್ಮೆ ಶುಚಿಯಾಗಿರಬೇಕು ಎಂದು ನಗರಪಾಲಿಕೆ ಕಚೇರಿಯಿಂದ ಆದೇಶ ಬಂತು. ಆದೇಶದ ತುದಿಯಲ್ಲಿ ಈ ಪೇಂಟರ್ ಇದ್ದರು.

ಅಭಿಮಾನಿಗಳು ಇಟ್ಟ ಹೆಸರು ‘ಒರೆಸಣ್ಣ’. ಅದು ಈಗಿನ ಹೆಸರು. ಮೊದಲ ತಿಂಗಳು ಕರೆಯುತ್ತಿದ್ದದ್ದನ್ನು ಪತ್ರಿಕೆಯಲ್ಲಿ ಹಾಕುವಂತಿಲ್ಲ. ಆ ದಿನಗಳಲ್ಲಿ ಅವರ ಮೇಲೆ ಚಪ್ಪಲಿಗಳೂ ಬಿದ್ದವು. ಒಂದು ಶನಿವಾರ ಎಡಗಾಲಿನದು ಬಿತ್ತು, ಮುಂದಿನ ಶನಿವಾರ ಅದೇ ಜೋಡಿಯ ಬಲಗಾಲಿನದು. ಅಳತೆಯೂ ಸರಿಹೋಯಿತು. ಇವತ್ತಿಗೂ ಅವರ ಕಾಲಲ್ಲಿರುವುದು ಅವೇ.

ಗೋಡೆಯ ಉದ್ದ ನೂರಹನ್ನೆರಡು ಅಡಿ, ಎತ್ತರ ಏಳು. ಒಂದು ಕೋಟ್ ಮುಗಿಸಲು ಮೂರು ತಾಸು. ಇವತ್ತಿನದು ಅರವತ್ತೊಂದನೆಯದು. ಮೊದಲ ವಾರ ಹೆಬ್ಬೆರಳು ಊರುವಷ್ಟೂ ಜಾಗವಿರಲಿಲ್ಲ. ಎರಡನೆಯ ವಾರ ಎಣಿಸಲು ಹೊರಟು ಎರಡು ಸಾವಿರಕ್ಕೆ ಕೈಬಿಟ್ಟರಂತೆ. ಇವತ್ತು ಇಪ್ಪತ್ತಾರು ಇವೆ. ‘ದುಃಖಾನೂ ಬಣ್ಣದ ಥರಾನೇ. ಮೊದ್ಲು ಕೈಗೆಲ್ಲ ಮೆತ್ತುತ್ತೆ, ಆಮೇಲೆ ಒಣಗಿ ಉದುರುತ್ತೆ’ ಎಂದು ಹೇಳಿ ಒರೆಸಣ್ಣ ಉಗುರಿನ ಬಿಳಿ ಕೆರೆದುಕೊಳ್ಳುತ್ತಾರೆ.

ಅವರಿಗೆ ಬಾಯಿಪಾಠವಾಗಿರುವ ಬರಹಗಳು ಎಷ್ಟೋ. ಹಾಡುಗಾರನ ಹಾಡನ್ನು ಜೊತೆಗೆ ಗುನುಗಿ ಗುನುಗಿಯೇ ತೊದಲು ಬಿಟ್ಟೆ ಎಂದು ಒಬ್ಬ ಮೆಕ್ಯಾನಿಕ್ ಬರೆದಿದ್ದ, ಕೆಳಗೆ ಗ್ರೀಸಿನ ಬೆರಳಚ್ಚು. ಗಂಡ ಬಿಟ್ಟುಹೋದ ವರ್ಷ ನಮ್ಮ ಮನೆಯಲ್ಲಿ ಬಾಯಿಬಿಟ್ಟವರು ನೀವೊಬ್ಬರೇ ಎಂದು ಇನ್ನೊಬ್ಬಳು. ರಾತ್ರಿಯಿಡೀ ನನ್ನನ್ನು ನಿದ್ದೆಗೆ ಬೀಳದ ಹಾಗೆ ಕಾದವರು ನೀವೇ ಮಲಗಿಬಿಟ್ಟಿರಲ್ಲ ಎಂದು ಒಬ್ಬ ಲಾರಿ ಡ್ರೈವರ್. ಗೇಟಿನ ಬಳಿ ಪ್ರತಿ ವಾರ ತಪ್ಪದೆ ಒಂದು ಸಾಲು ಇರುತ್ತಿತ್ತು: ‘ಸಾರ್, ಇವತ್ತೂ ಬಂದಿದ್ದೆ.’ ಈ ವಾರ ಅದು ಇಲ್ಲ. ಒರೆಸಣ್ಣ ಆ ಜಾಗದ ಮುಂದೆ ಎರಡು ಸಲ ನಿಂತು ನೋಡುತ್ತಾರೆ, ಬೀದಿಯ ಆ ತುದಿಯವರೆಗೂ ಕಣ್ಣು ಹಾಯಿಸುತ್ತಾರೆ, ಆಮೇಲೆ ರೋಲರ್ ಅದ್ದುತ್ತಾರೆ.

‘ಬರೆಯೋರು ಸಾವಿರ ಜನ. ಓದೋನು ನಾನೊಬ್ನೇ’ ಎನ್ನುತ್ತಾರೆ. ‘ಅವ್ನು ಓದಲ್ಲ, ಅವ್ನು ಹೋದ. ಅವ್ರವ್ರು ಅವ್ರವ್ರದ್ದು ಬರ್ದು ಫೋಟೋ ತೆಗೊಂಡು ಹೋಗ್ತಾರೆ. ಯಾರಾದ್ರೂ ಒಬ್ರು ಓದ್ಬೇಕಲ್ಲ.’

ಜೊತೆಗೆ ಒಬ್ಬ ಖಾಯಂ ಗಿರಾಕಿ ಇದ್ದಾರೆ, ನಿವೃತ್ತ ಬಸ್ ಕಂಡಕ್ಟರ್. ಪ್ರತಿ ಶನಿವಾರ ಬೆಳಿಗ್ಗೆ ಎದುರಿನ ಮೋರಿಕಟ್ಟೆಯ ಮೇಲೆ ಕೂತು ಬಳಿಯುವುದನ್ನು ನೋಡುವುದೇ ಇವರ ಶ್ರದ್ಧಾಂಜಲಿ. ತಮ್ಮ ಬಸ್ಸಿನಲ್ಲಿ ಆ ಮನುಷ್ಯನ ಹಾಡು ಹಾಕಿದರೆ ಹಾಡು ಮುಗಿಯುವವರೆಗೂ ಯಾರೂ ಇಳಿಯುತ್ತಿರಲಿಲ್ಲ, ಒಮ್ಮೆ ಕ್ಯಾಸೆಟ್ಟು ಸಿಕ್ಕಿಕೊಂಡು ಒಂದೇ ಚರಣ ತಿರುಗಿದ್ದಕ್ಕೆ ಐವತ್ತೆರಡು ಜನ ಡಿಪೋ ತಲುಪಿದರು ಎಂದು ಅವರು ಹೇಳುತ್ತಾರೆ. ಅವರ ತಕರಾರು ಒಂದೇ. ‘ಊರಿಗೂರೇ ಅತ್ತಿದೆ, ಈ ಒರೆಸಣ್ಣಂಗೆ ಮಾತ್ರ ಕಿವಿ ಇಲ್ಲ’ ಎಂದು ಛೇಡಿಸುತ್ತಾರೆ.

ಒರೆಸಣ್ಣ ಒಪ್ಪಿಕೊಳ್ಳುತ್ತಾರೆ. ಹಾಡು ಗೀಡು ಅವರಿಗೆ ಆಗಿಬರುತ್ತಿರಲಿಲ್ಲ. ಇಡೀ ದಿನ ಪರರ ಮನೆಯ ಗೋಡೆ ಕೆರೆಯುವ ಸದ್ದು ಕೇಳಿ ಬಂದ ಮನುಷ್ಯನಿಗೆ ಮನೆಯಲ್ಲಿ ಸದ್ದಿರಬಾರದು. ಒಳಗೆ ಬಂದವರೇ ಮೊದಲು ರೇಡಿಯೋ ಆರಿಸುತ್ತಿದ್ದರು, ಆಮೇಲೆ ಚಪ್ಪಲಿ ಬಿಡುತ್ತಿದ್ದರು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಹೆಂಡತಿ ಅದಕ್ಕೆ ಒಂದು ಮಾತೂ ಆಡಲಿಲ್ಲ. ಒಂದು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಆಕೆಯದು. ಮನೆಗೆ ಬಂದು ಮನೆಯ ಪಾತ್ರೆ ತೊಳೆಯುವಾಗ ಗಂಟಲೊಳಗೇ ಏನೋ ಗುನುಗುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಕೂತ ಇವರು ಅದು ನಲ್ಲಿಯ ಸದ್ದು ಎಂದುಕೊಂಡು ಮೂರು ಸಲ ವಾಷರ್ ಬದಲಿಸಿದರು. ನಲ್ಲಿಯದ್ದೇನೂ ತಪ್ಪಿರಲಿಲ್ಲ ಎಂಬುದು ಮನೆ ಪೂರ್ತಿ ನಿಶ್ಶಬ್ದವಾದ ಮೇಲೆ ಗೊತ್ತಾಯಿತು.

ಹಾಡುಗಾರ ಸತ್ತ ದಿನ ಬೆಳಿಗ್ಗೆ ಮನೆಯಲ್ಲಿ ರಂಪವಾಗಿತ್ತು. ಗುರುತು ಹಾಕಲು ಇಟ್ಟುಕೊಂಡಿದ್ದ ನೀಲಿ ಮೇಣದ ಬಳಪ ಕೆಲಸದ ಚೀಲದಲ್ಲಿ ಇರಲಿಲ್ಲ. ಕಂಡಿಲ್ಲ ಎಂದಳು ಹೆಂಡತಿ. ಇನ್ಯಾರು ತಿಂದರು ಎಂದು ಇವರು ಕೂಗಾಡಿ ಕೆಲಸಕ್ಕೆ ಹೋದರು. ತಂಗಿಯ ಮನೆಗೆ ಹೋಗಿಬರುತ್ತೇನೆ ಎಂದು ಆಕೆ ಮಗಳಿಗೆ ಹೇಳಿ ಹೊರಟಳು.

ಮಧ್ಯಾಹ್ನ ಹಾಡುಗಾರನ ಮನೆಯ ಗೇಟು ತೆರೆಯುತ್ತಾರಂತೆ ಎಂದು ಯಾರೋ ಕೂಗಿದರು, ಗೇಟು ತೆರೆಯಲಿಲ್ಲ. ಮರುದಿನದ ಪೇಪರಿನಲ್ಲಿ ಹಾಡುಗಾರನಿಗೆ ಎಂಟು ಪುಟ ಮೀಸಲಾಗಿತ್ತು. ಏಳನೆಯ ಪುಟದ ಕೆಳಗೆ ನಾಲ್ಕು ಸಾಲು: ನೂಕುನುಗ್ಗಲಿನಲ್ಲಿ ಮೂವರು ಅಭಿಮಾನಿಗಳ ಸಾವು. ಹೆಸರು ಹಾಕಲು ಜಾಗ ಸಾಲಲಿಲ್ಲ. ಆ ಮೂವರಲ್ಲಿ ಒರೆಸಣ್ಣನ ಹೆಂಡತಿಯೂ ಒಬ್ಬಳು. ಅವಳು ಅಭಿಮಾನಿ ಎಂಬುದನ್ನು ಗಂಡ ತಿಳಿದದ್ದು ಆ ಸುದ್ದಿಯಿಂದಲೇ. ಆಸ್ಪತ್ರೆಯವರು ಒಂದು ಪ್ಲಾಸ್ಟಿಕ್ ಚೀಲ ಕೊಟ್ಟರು. ಅದರಲ್ಲಿ ಒಂಟಿ ಚಪ್ಪಲಿ, ಮನೆಯ ಬೀಗದಕೈ, ಅರ್ಧ ಸವೆದ ನೀಲಿ ಬಳಪ.

‘ಸುಳ್ಳು ಹೇಳಿದ್ಲಲ್ಲ ಅಂತ ಮೊದ್ಲು ಸಿಟ್ಟೇ ಬಂತು. ಹೆಣದ ಮುಂದೆ ನಿಂತ್ಕೊಂಡು ಸಿಟ್ಟು. ಅಂಥ ಗಂಡ ನಾನು’ ಎನ್ನುತ್ತಾರೆ. ಮಣ್ಣು ಮಾಡುವಾಗ ಹಾಕಲು ಹೂವಿಗೆ ಊರೆಲ್ಲ ಅಲೆದರು. ಒಂದೆಸಳೂ ಸಿಗಲಿಲ್ಲ. ಊರಿನ ಹೂವೆಲ್ಲ ಇದೇ ಗೋಡೆಯ ಬುಡದಲ್ಲಿ ಮೊಣಕಾಲೆತ್ತರ ಬಿದ್ದಿತ್ತು.

ಐದನೆಯ ದಿನ ಕಚೇರಿಯಿಂದ ಫೋನ್ ಬಂತು. ಹೋಗಬೇಡ ಎಂದಳು ಮಗಳು. ಸುಮ್ಮನೆ ಕೂರಲಾಗುವುದಿಲ್ಲ, ಹಿಡಿದುಕೊಳ್ಳಲು ಕೋಲಾದರೂ ಇರಲಿ ಎಂದು ಇವರು ಹೊರಟರು.

ಈ ಕಸುಬಿನಲ್ಲಿ ಒಂದು ನಿಯಮವಿದೆ. ಗೋಡೆಯ ಮಧ್ಯೆ ಕೈ ನಿಲ್ಲಿಸುವಂತಿಲ್ಲ. ನಿಲ್ಲಿಸಿದಲ್ಲಿ ಬಣ್ಣದ ಅಂಚು ಒಣಗಿ ಗೆರೆ ಕೂರುತ್ತದೆ, ಆಮೇಲೆ ಎಷ್ಟು ಬಳಿದರೂ ಆ ಗೆರೆ ಹೋಗುವುದಿಲ್ಲ. ಮೂವತ್ತೆಂಟು ವರ್ಷದಿಂದ ಒರೆಸಣ್ಣನ ಕೈ ಈ ನಿಯಮ ತಪ್ಪಿಲ್ಲ. ಅವತ್ತು ಅವರು ಏನನ್ನೂ ಓದದೆ ಬಳಿಯುತ್ತಿದ್ದರು. ಗೇಟಿನ ಕಂಬದಿಂದ ಹನ್ನೊಂದು ಗೇಣು ಈಚೆ, ಅವಳ ಭುಜದ ಎತ್ತರದಲ್ಲಿ, ನೀಲಿ ಬಳಪದ ಅಕ್ಷರಗಳು ಕಂಡವು. ಮೇಲಿನ ಸಾಲಿನಲ್ಲಿ ಇದ್ದದ್ದು: ‘ನೀವು ಹಾಡ್ತಿದ್ದಾಗ ನಮ್ಮ ಮನೇಲಿ’. ಕೆಳಗೆ ಇನ್ನೂ ಎರಡು ಸಾಲಿದ್ದವು.

‘ಕಣ್ಣು ಓದ್ತಾ ಇತ್ತು, ಕೈ ಒರೆಸ್ತಾ ಇತ್ತು. ಕೈನೇ ಮುಂದೆ ಹೋಯ್ತು.’

ಬಟ್ಟೆ ತಗೊಂಡು ಆಗಲೇ ಉಜ್ಜಿದ್ದರೆ ಹಸಿ ಬಣ್ಣ ಬರುತ್ತಿತ್ತಲ್ಲ ಎಂದು ಕಂಡಕ್ಟರ್ ಪ್ರತಿ ಶನಿವಾರ ಕೇಳುತ್ತಾರೆ. ಬರುತ್ತಿತ್ತು ಎಂದು ಒರೆಸಣ್ಣ ಪ್ರತಿ ಶನಿವಾರ ಹೇಳುತ್ತಾರೆ. ಬಟ್ಟೆ ಸೊಂಟದಲ್ಲೇ ಇತ್ತು. ಅವರು ತೆಗೆಯಲಿಲ್ಲ. ಬಳಿದು ಮುಗಿಸಿ ಸೈಕಲ್ ಹತ್ತಿದರು. ಓದದೆ ಬಳಿದದ್ದು ಅದೊಂದೇ ವಾರ.

ಮೇಣದ ಮೇಲೆ ನೀರಿನ ಬಣ್ಣ ನೆಟ್ಟಗೆ ಕೂರುವುದಿಲ್ಲ. ಮುಂದಿನ ವಾರವೇ ಬಿಳಿಯೊಳಗಿಂದ ನೀಲಿ ಮಸುಕಾಗಿ ಮೇಲೆ ಬಂತು. ಅಕ್ಷರ ತಿಳಿಯುತ್ತಿರಲಿಲ್ಲ, ಕಲೆ ಕಾಣುತ್ತಿತ್ತು. ಅದರಲ್ಲಿ ಹಾಡುಗಾರನ ಮುಖ ಇದೆ ಎಂದ ಯಾರೋ ಒಬ್ಬ. ಸಂಜೆಯೊಳಗೆ ಮೂಗು, ಗುಂಗುರು ಕೂದಲು, ಕಪ್ಪು ಕನ್ನಡಕ ಎಲ್ಲ ಪತ್ತೆಯಾಯಿತು. ಸಾಲು ಎಷ್ಟು ಉದ್ದವಾಯಿತೆಂದರೆ ಎರಡು ಬಸ್ಸುಗಳ ದಾರಿ ಬದಲಿಸಬೇಕಾಯಿತು, ಆ ಸಾಲಿನಲ್ಲೇ ಪರಿಚಯವಾಗಿ ಒಂದು ಮದುವೆಯೂ ಗೊತ್ತಾಯಿತು. ಬಂದವರೆಲ್ಲ ಕಲೆಗೆ ಹಣೆ ಹಚ್ಚಿದರು, ಕೈ ಉಜ್ಜಿದರು. ಸಾಲಿನ ಕೊನೆಯಲ್ಲಿ ಒರೆಸಣ್ಣನೂ ನಿಂತಿದ್ದರು. ಇವರ ಸರದಿ ಬರುವಷ್ಟರಲ್ಲಿ ನೀಲಿ ಅರ್ಧಕ್ಕರ್ಧ ತೆಳ್ಳಗಾಗಿತ್ತು.

‘ಇನ್ನೆರಡು ವಾರ ಬಿಟ್ಟಿದ್ರೆ ತಿಕ್ಕಿ ತಿಕ್ಕಿ ಅವಳನ್ನೇ ತಿಂದ್ಬಿಡ್ತಿದ್ರು.’ ಅದಕ್ಕೇ ಆ ಶನಿವಾರ ಅವರು ಆ ಜಾಗಕ್ಕೆ ಕಲೆ ತಡೆಯುವ ಪ್ರೈಮರ್ ಹೊಡೆದು, ಮೇಲೆ ಮೂರು ಕೋಟ್ ಕೊಟ್ಟರು. ಮಣ್ಣು ಮಾಡಿದ ಹೆಂಡತಿಯನ್ನು ಮತ್ತೊಮ್ಮೆ, ಈ ಸಲ ತಾವೇ, ನೀಟಾಗಿ ಮುಚ್ಚಿದರು.

ಕೆಳಗಿನ ಎರಡು ಸಾಲಿನಲ್ಲಿ ಏನಿರಬಹುದು? ಕಂಡಕ್ಟರ್ ಪ್ರಕಾರ ‘ಬೆಳಕಾಗ್ತಿತ್ತು’ ಎಂಥದೋ ಇರಬೇಕು, ಜನ ಸಾಮಾನ್ಯವಾಗಿ ಹಾಗೇ ಬರೆಯುತ್ತಾರೆ. ಮಗಳನ್ನು ಕೇಳಿದ್ದು ಒಂದೇ ಸಲ. ಮನೆಯಲ್ಲೇ ಹೊಲಿಗೆ ಹಾಕುವ ಹುಡುಗಿ ಹಲ್ಲಿನಲ್ಲಿ ದಾರ ಕಡಿಯುತ್ತಾ, ತಲೆಯೆತ್ತದೆ ಹೇಳಿದಳಂತೆ: ‘ನಮ್ಮ ಮನೇಲಿ ರೇಡಿಯೋ ಆರಿಸ್ತಿದ್ರು ಅಂತ ಇರುತ್ತೆ. ಇನ್ನೇನಿರುತ್ತೆ, ಬಿಡಪ್ಪ.’

ಅವಳು ಕುಟುಕಲು ಹೇಳಿದ್ದಲ್ಲ. ಅದೇ ಕಷ್ಟ. ಅವತ್ತಿನಿಂದ ಆ ಮನೆಯಲ್ಲಿ ರೇಡಿಯೋ ಆರಿಲ್ಲ. ಹವಾಮಾನ ವರದಿ, ಗೊಬ್ಬರದ ಜಾಹೀರಾತು, ಸ್ಟೇಷನ್ ಮುಚ್ಚಿದ ಮೇಲಿನ ಗೊರಗೊರ, ಎಲ್ಲವನ್ನೂ ಒರೆಸಣ್ಣ ಕೂತು ಕೇಳುತ್ತಾರೆ. ಆ ಮನುಷ್ಯನ ಹಾಡು ಬಂದರೆ ಎದ್ದು ಸಿಂಕಿನ ಹತ್ತಿರ ಹೋಗಿ ನಿಲ್ಲುತ್ತಾರೆ.

ಒಮ್ಮೆ, ನಲವತ್ತನೆಯ ಕೋಟಿನ ಹೊತ್ತಿಗೆ, ಉಗುರಿನಿಂದ ಆ ಜಾಗದ ಒಂದು ಮೂಲೆ ಎಬ್ಬಿಸಿದ್ದರು. ಬಣ್ಣ ಈರುಳ್ಳಿ ಸಿಪ್ಪೆಯ ಹಾಗೆ ಪದರಪದರವಾಗಿ ಬಂತು. ಕೊನೆಯ ಪದರದ ಕೆಳಗೆ ಕಡ್ಡಿಯಷ್ಟು ನೀಲಿ ಕಂಡಿತು. ಕೈ ಅಲ್ಲಿಗೇ ನಿಂತಿತು. ಇನ್ನೊಂದು ವಾರ ನೋಡೋಣ ಎಂದು ಮತ್ತೆ ಮುಚ್ಚಿದರು. ಅಂಥ ವಾರಗಳು ಇಪ್ಪತ್ತೊಂದು ಕಳೆದಿವೆ, ಇನ್ನು ಉಳಿದಿಲ್ಲ. ಸೋಮವಾರ ಅಭಿಮಾನಿಗಳ ಸಂಘದವರು ಈ ಗೋಡೆಗೆ ಕಪ್ಪು ನುಣುಪುಕಲ್ಲು ಹೊದಿಸಿ ಹಾಡುಗಾರನ ಮುಖ ಕೆತ್ತಿಸುತ್ತಾರೆ. ಅದರ ಮೇಲೆ ಯಾರೂ ಏನೂ ಬರೆಯಲಾಗುವುದಿಲ್ಲ. ಕಲ್ಲು ಹಿಡಿಯಲು ಈಗಿರುವ ಗಾರೆಯನ್ನೆಲ್ಲ ಮಶೀನಿನಿಂದ ಇಟ್ಟಿಗೆಯವರೆಗೆ ಕೆತ್ತಿ ತೆಗೆಯುತ್ತಾರೆ. ಸೋಮವಾರ ಕೆತ್ತುವ ಗೋಡೆಗೆ ಶನಿವಾರ ಬಣ್ಣ ಯಾಕೆ ಎಂದರೆ, ಬಣ್ಣದ ಆದೇಶವನ್ನು ಯಾರೂ ರದ್ದು ಮಾಡಿಲ್ಲ.

ಏಳು ಗಂಟೆಗೆ ಕಲ್ಲು ಹೊದಿಸುವ ಕೆಲಸದ ಎಂಜಿನಿಯರ್ ಕಾರಿನಲ್ಲಿ ಬಂದಿಳಿಯುತ್ತಾರೆ. ಇವತ್ತು ಹೇಳದಿದ್ದರೆ ಜೀವಮಾನವೆಲ್ಲ ನಲ್ಲಿ ರಿಪೇರಿ ಮಾಡಿಕೊಂಡಿರು ಎಂದು ಕಂಡಕ್ಟರ್ ಗದರಿ ಕಳಿಸುತ್ತಾರೆ. ಒರೆಸಣ್ಣ ಅರ್ಧ ಗೋಡೆಗೆ ರೋಲರ್ ನಿಲ್ಲಿಸುತ್ತಾರೆ. ಮೂವತ್ತೆಂಟು ವರ್ಷದಲ್ಲಿ ಇದೇ ಮೊದಲು.

ಎಂಜಿನಿಯರ್ ಗುರುತು ಹಾಕಲು ಏನಾದರೂ ಇದೆಯೇ ಎಂದು ಕೇಳುತ್ತಾರೆ. ಇವರು ಜೇಬಿನಿಂದ ಆ ಅರ್ಧ ನೀಲಿ ಬಳಪ ತೆಗೆದುಕೊಡುತ್ತಾರೆ. ಗೇಟಿನ ಕಂಬದಿಂದ ಅಳೆದು ಮಶೀನು ಶುರುವಾಗುವ ಜಾಗಕ್ಕೆ ಒಂದು ದಪ್ಪ ಗೆರೆ ಬೀಳುತ್ತದೆ, ಹನ್ನೊಂದನೆಯ ಗೇಣಿನ ಮೇಲೇ. ಒರೆಸಣ್ಣ ಆ ಗೆರೆಯ ಪಕ್ಕ ಅಂಗೈ ಊರಿ ಹೇಳತೊಡಗುತ್ತಾರೆ: ‘ಸಾರ್, ಇಲ್ಲಿಂದ ಇಲ್ಲಿಗೆ. ಎರಡು ಗೇಣು ಉದ್ದ, ಒಂದೂವರೆ ಗೇಣು ಅಗಲ. ಮಶೀನು ಹಚ್ಚೋ ಮೊದ್ಲು ಇಷ್ಟು ಗಾರೆ ಚೌಕಾಕಾರ ಕುಯ್ದು ಕೊಟ್ಬಿಡಿ ಸಾರ್. ಬಣ್ಣ ನಾನೇ ಬಿಡಿಸ್ಕೋತೀನಿ.’

ಎಂಜಿನಿಯರ್ ಅಳತೆಪಟ್ಟಿ ಸುತ್ತಿಕೊಳ್ಳುತ್ತಾರೆ. ಫೋನ್ ಕಿವಿಗೆ ಹೋಗುತ್ತದೆ, ಬಳಪ ಅವರ ಜೇಬಿಗೆ ಹೋಗುತ್ತದೆ, ಕಾಲು ಕಾರಿನ ಕಡೆ ತಿರುಗುತ್ತದೆ. ಒರೆಸಣ್ಣ ಗೋಡೆಯಿಂದ ಅಂಗೈ ತೆಗೆಯುವುದಿಲ್ಲ. ಹೋಗುತ್ತಿರುವ ಬೆನ್ನಿಗೇ ಹೇಳುತ್ತಿದ್ದಾರೆ.

‘ನನ್ನ ಬೈದು ಬರ್ದಿದ್ರೂ ಪರವಾಗಿಲ್ಲ ಸಾರ್. ಏನಿದ್ರೂ ಸರಿ, ಪೂರ್ತಿ ಓದ್ಬೇಕು ಅಷ್ಟೇ. ಅರ್ಧಕ್ಕೆ ನಿಂತಿದ್ದು ಸಾರ್, ಆಮೇಲೆ ಎಷ್ಟು ಬಳಿದ್ರೂ ಆ ಗೆರೆ…’