ನಾನು ಸುಟ್ಟ ಟವೆಲ್‌ಗಳು

ಸಾತನೂರಿನ ಗೌಡರ ಕಪ್ಪು ಕಾರಿನ ಮೇಲೆ ಗೀರು ಬಿದ್ದದ್ದು ಶಿವಲಿಂಗನ ತಪ್ಪಿನಿಂದಲ್ಲ, ನನ್ನ ತಪ್ಪಿನಿಂದ. ಅದು ನನಗೆ ಆ ದಿನವೇ ಗೊತ್ತಿತ್ತು. ಗೊತ್ತಿದ್ದೂ ಅವನತ್ತ ಬೆರಳು ತೋರಿಸಿದೆ — ಗಿರಾಕಿಯ ಎದುರಿಗೆ, ಅವನ ಎದುರಿಗೇ. ಇಷ್ಟನ್ನು ಬರೆಯಲು ಹಲವು ವರ್ಷ ತೆಗೆದುಕೊಂಡಿದ್ದೇನೆ. ಇನ್ನು ಸುತ್ತಿ ಬಳಸಿ ಹೇಳುವುದಿಲ್ಲ.

ಚನ್ನಪಟ್ಟಣದ ಹೆದ್ದಾರಿ ಪಕ್ಕದಲ್ಲಿ ಕಾರು ತೊಳೆದು ಪಾಲಿಶ್ ಮಾಡುವ ಅಂಗಡಿಯನ್ನು ನಾನೂ ಲಿಂಗನೂ ಸೇರಿ ಹಾಕಿದ್ದೆವು. ಇಬ್ಬರೂ ಬೈರಾಪಟ್ಟಣದವರು, ಶಾಲೆಯಲ್ಲಿ ಒಂದೇ ಬೆಂಚು ಸವೆಸಿದವರು. ನನಗೆ ಮಾತು ಬರುತ್ತಿತ್ತು, ಅವನಿಗೆ ಕೆಲಸ ಬರುತ್ತಿತ್ತು. ಗಿರಾಕಿಯನ್ನು ಕೂರಿಸಿ ಕಾಫಿ ತರಿಸಿ ಕಾರಿನ ಗುಣಗಾನ ಮಾಡುವುದು ನನ್ನ ಪಾಲು. ಆ ಕಾರನ್ನು ಒರೆಸುವ ಮೈಕ್ರೋಫೈಬರ್ ಟವೆಲ್ ಆರಿಸುವುದು, ಅದರಿಂದ ಕೊನೆಯ ಹೊಳಪು ತರುವುದು ಅವನ ಪಾಲು.

ಟವೆಲ್ ಆರಿಸುವುದೂ ಒಂದು ಕೆಲಸವೇ ಎಂದು ನೀವು ನಗಬಹುದು. ನಾನೂ ನಗುತ್ತಿದ್ದೆ. ಲಿಂಗ ಬೆಂಗಳೂರಿನ ಅಂಗಡಿಯಲ್ಲಿ ಕಟ್ಟು ಬಿಚ್ಚಿಸಿ ಒಂದೊಂದನ್ನೂ ಅಂಗೈಗೆ, ಮುಂಗೈಗೆ, ಆಮೇಲೆ ಕೆನ್ನೆಗೆ ಉಜ್ಜಿ ನೋಡುತ್ತಿದ್ದ. ಅಂಚಿನ ಹೊಲಿಗೆ ಒರಟಾಗಿದ್ದರೆ ಪಕ್ಕಕ್ಕೆ. ನೀರು ಹೀರಲು ಉದ್ದ ಎಳೆಯದು, ಪಾಲಿಶ್ ಒರೆಸಲು ಗಿಡ್ಡ ಎಳೆಯದು. ಚಕ್ರ ಮುಟ್ಟಿದ್ದು ಮತ್ತೆ ಬಾಡಿ ಮುಟ್ಟುವಂತಿಲ್ಲ. ಅಂಗಡಿಯವನು ಬೇಸತ್ತು ನಿಂತಿದ್ದರೆ ನನಗೆ ನಾಚಿಕೆ.

“ಲೇ, ಹೆಣ್ಣು ನೋಡಕ್ಕೋದಾಗ್ಲೂ ಇಷ್ಟು ನೋಡ್ಲಿಲ್ವಲ್ಲೋ ನೀನು!” ಎಂದು ರೇಗಿಸಿದ್ದೆ.

“ಅವಳು ನನ್ನನ್ನ ನೋಡಿ ಒಪ್ಕೊಂಡ್ಲು, ಅದಕ್ಕೆ ಸರೋಯ್ತು. ಈ ಟವೆಲ್ಗೆ ಬಾಯಿಲ್ಲ ಕಣ್ಲಾ, ನಾವೇ ಮುಟ್ಟಿ ಕೇಳ್ಬೇಕು” ಎಂದಿದ್ದ.

ಈಗ ಆ ದಿನಕ್ಕೆ ಬರುತ್ತೇನೆ. ಲಿಂಗ ಮಾಗಡಿಯ ನೆಂಟರ ಮನೆಗೆ ಹೋಗಿದ್ದ. ಗೌಡರ ಹೊಸ ಕಾರು ಅಂಗಡಿಯಲ್ಲಿತ್ತು. ಮರುದಿನ ಮಧ್ಯಾಹ್ನ ಅವರು ಅದರಲ್ಲಿ ಬೀಗರ ಮನೆಗೆ ಹೋಗಬೇಕು. ಟವೆಲ್‌ಗಳನ್ನು ನಾನೇ ಒಗೆದೆ. ಬೆಳಗಿನಿಂದ ಮೋಡ, ತುಂತುರು; ಒಣಗಲಿಲ್ಲ. ಮನೆಗೆ ಒಯ್ದೆ. ನಮ್ಮದು ರೇಷ್ಮೆ ಸಾಕುವ ಮನೆ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳು ಹುಳುಮನೆಯ ಗೋಡೆಗೆ ಒರಗಿದ್ದವು. ಆ ಸಲದ ಗೂಡು ಬಿಡಿಸಿಯಾಗಿತ್ತು, ಅವನ್ನಿನ್ನೂ ಚೊಕ್ಕ ಮಾಡಿರಲಿಲ್ಲ. ಒಳ್ಳೆ ಗಾಳಿಯಾಡುತ್ತಿತ್ತು. ನಮ್ಮ ಕಡೆ ಹಪ್ಪಳ ಒಣಗಿಸಲಿಕ್ಕೂ ಹಳೆಯ ಚಂದ್ರಿಕೆಯೇ ಬೇಕು — ಹಾಗೆಯೇ ಟವೆಲ್‌ಗಳನ್ನೂ ಹರಡಿಬಿಟ್ಟೆ. ಮೈಕ್ರೋಫೈಬರ್ ಏನು ಸಿಕ್ಕರೂ ಹಿಡಿದುಕೊಳ್ಳುತ್ತದೆ, ಕೊಡವಿದರೂ ಬಿಡುವುದಿಲ್ಲ. ಬಿದಿರಿನ ಸಿಬಿರು, ಒಣಗಿದ ಹಿಕ್ಕೆ, ಗೂಡಿನ ನೂಲಿನ ಚೂರು — ಎಲ್ಲವೂ ಅದರೊಳಗೆ ಸೇರಿತು. ನಾನು ನೋಡಲಿಲ್ಲ.

ಮರುದಿನ ಬೆಳಗ್ಗೆ ಲಿಂಗ ಅಂಗಡಿಗೆ ಬಂದ. ಟವೆಲ್ ಮಡಚಿ ಕೈಗೆ ತೆಗೆದುಕೊಂಡವನು ತಕ್ಷಣ ನಿಂತ.

“ಯಾಕೋ ಒಸಿ ಚುಚ್ಚಿದಂಗೈತೆ ಕಣ್ಲಾ.”

“ಹೊಸ ಸೋಪಲ್ಲಿ ಒಗ್ದಿದ್ದೀನಿ, ಅದ್ಕೇ ಹಂಗೆ. ಗೌಡ್ರು ಬಂದ್ಬುಡ್ತಾರೆ, ಬೇಗ ಒರ್ಸು.”

ಅವನು ಇನ್ನೊಂದು ಸಲ ಮುಟ್ಟಿ ನೋಡಿದ. ನನ್ನ ಮುಖ ನೋಡಿದ. ಆಮೇಲೆ ಒರೆಸಿದ. ಅವನು ತನ್ನ ಕೈಯನ್ನು ಬಿಟ್ಟು ನನ್ನ ಮಾತನ್ನು ನಂಬಿದ್ದು ಅದೇ ಮೊದಲು.

ಕಾರನ್ನು ಬಿಸಿಲಿಗೆ ತಂದಾಗ ಬಾನೆಟ್ ಮೇಲೆ, ಬಾಗಿಲುಗಳ ಮೇಲೆ ಸುತ್ತು ಸುತ್ತಾಗಿ ಗೀರು. ಅಷ್ಟರಲ್ಲಿ ಬಂದಿದ್ದ ಗೌಡರು ಕೂಗಾಡುತ್ತಿದ್ದರು. ನಾನು ಹಿಂದಕ್ಕೆ ಹೋಗಿ ಟವೆಲ್ ಬಿಡಿಸಿ ನೋಡಿದೆ. ಬೆರಳಿಗೆ ಸಿಬಿರು ಸಿಕ್ಕಿತು. ಎಲ್ಲ ಅರ್ಥವಾಯಿತು. ಆಗ ನಾನು ಏನು ಮಾಡಬೇಕಿತ್ತು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ... ನಾನು ಆ ಟವೆಲ್‌ಗಳನ್ನು ಕಸದ ಗುಂಡಿಗೆ ಹಾಕಿ ಬೆಂಕಿ ಕೊಟ್ಟೆ. ಕೈ ತೊಳೆದುಕೊಂಡು ಮುಂದಕ್ಕೆ ಬಂದೆ. ಬಂದು ಹೇಳಿದೆ:

“ಟವೆಲ್ ಆರ್ಸೋದು, ಒರ್ಸೋದು ಎಲ್ಲಾ ಅವನ್ದೇ ಸಾರ್. ಅವನ್ನೇ ಕೇಳಿ.”

ಲಿಂಗ ಜಗಳವಾಡಲಿಲ್ಲ. ತನ್ನ ಬಲಗೈಯನ್ನು ನೋಡಿಕೊಳ್ಳುತ್ತಾ ನಿಂತ. ಗೌಡರು ಹೋದ ಮೇಲೆ ಕೇಳಿದ, “ಆ ಟವೆಲ್ ಕೊಡ್ಲಾ, ಒಂದ್ಸಲ ಮುಟ್ಟಿ ನೋಡ್ಬೇಕು.”

“ಬಿಸಾಕ್ಬುಟ್ಟೆ” ಎಂದೆ.

ಗಾಬರಿಯಲ್ಲಿ ಬಾಯಿ ತಪ್ಪಿ ಬಂದ ಮಾತು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸುಳ್ಳು. ಬೆಂಕಿ ಹಚ್ಚಿ, ಅದು ಹತ್ತಿಕೊಂಡಿತೇ ಎಂದು ನಿಂತು ನೋಡಿ ಬಂದವನಿಗೆ ಯಾವ ಗಾಬರಿ?

ಆಮೇಲೆ ಅವನು ಪ್ರತಿ ಟವೆಲ್ಲನ್ನೂ ನನಗೆ ತೋರಿಸತೊಡಗಿದ. “ಇದು ಸರಿ ಐತಾ, ನೋಡ್ಲಾ.” ಒರೆಸುವಾಗ ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದ. ನಾನೋ — ಇದು ಇನ್ನೂ ಕೆಟ್ಟದ್ದು — ಗಿರಾಕಿಗಳಿಗೆ, “ಈಗ ಟವೆಲ್ ನಾನೇ ನೋಡ್ತೀನಿ, ಹೆದರಬೇಡಿ” ಎಂದು ಧೈರ್ಯ ತುಂಬುತ್ತಿದ್ದೆ. ಅಂಗಡಿ ಚೆನ್ನಾಗಿಯೇ ನಡೆಯಿತು. ಒಂದು ದಿನ ಲಿಂಗ, “ನನ್ ಕೈಗೆ ಏನೋ ಆಗೈತೆ ಕಣ್ಲಾ, ಇದು ನಂಗೆ ಬ್ಯಾಡ” ಎಂದು ಊರಿಗೆ ಹೋಗಿ ಹಿಪ್ಪುನೇರಳೆ ತೋಟ, ರೇಷ್ಮೆ ಎಂದು ಕೂತ. ನಾನು ತಡೆಯಲಿಲ್ಲ.

ಹೋದ ವಾರ ಅವನು ಪೇಟೆಗೆ ಬಂದವನು ಅಂಗಡಿಗೂ ಬಂದ. ಹೊಸ ಟವೆಲ್ ಕಟ್ಟು ಬಿಚ್ಚುತ್ತಿದ್ದೆ. ಮಾತಿಗೆಂದು ಒಂದನ್ನು ಮುಂದೆ ಹಿಡಿದು, “ಹೆಂಗೈತೆ ನೋಡ್ಲಾ” ಎಂದೆ. ಲಿಂಗ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ನಗುತ್ತಲೇ, “ನೀನೇ ನೋಡ್ಕೋ, ನಂಗೆ ತಿಳಿಯಾಕಿಲ್ಲ” ಎಂದ. ಒಬ್ಬ ಮನುಷ್ಯನಿಂದ ಅವನ ಕೈಯನ್ನೇ ಕಿತ್ತುಕೊಂಡು ಅಂಗಡಿ ನಡೆಸುತ್ತಿದ್ದೇನೆ ಎಂದು ಅವತ್ತು ಒಪ್ಪಿಕೊಂಡೆ.

ನಿನ್ನೆ ಅವನ ಮನೆಗೆ ಹೋದೆ. ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದ. ನಿಂತುಕೊಂಡೇ ಹೇಳಿದೆ — ಚಂದ್ರಿಕೆ, ಸಿಬಿರು, ಬೆಂಕಿ, ಒಂದನ್ನೂ ಬಿಡಲಿಲ್ಲ. ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದೆ. ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ.

ಅವನು ಕೇಳಿದ್ದು ಇಷ್ಟೇ: “ಅಂದ್ರೆ... ಚುಚ್ತಾ ಇದ್ದಿದ್ದು ನಿಜ್ವೇನ್ಲಾ?”

“ನಿಜ ಕಣ್ಲಾ. ನಿನ್ ಕೈ ಸರ್ಯಾಗೇ ಹೇಳಿತ್ತು.”

ಅವನು ಒಳಗೆ ತಿರುಗಿ ಹೆಂಡತಿಯನ್ನು ಕರೆದ. “ಸವಿತಾ, ಬಾ ಇಲ್ಲಿ. ಈಗ ಹೇಳಿದ್ದನ್ನ ಇವಳ ಮುಂದೆ ಇನ್ನೊಂದ್ಸಲ ಹೇಳು.”

ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು. ಸವಿತಾ ನನ್ನನ್ನು ಯಾವತ್ತೂ ಬಾಯಿ ತುಂಬ ಅಣ್ಣ ಎನ್ನುವವಳು.

“ಹುಳ ಹಣ್ಣಾದ್ವೋ ಇಲ್ವೋ ಅನ್ನೋದ್ನೂ ಇವರು ನನ್ನೇ ಕೇಳ್ತಾರಲ್ಲಣ್ಣ” ಎಂದಳು. “ಹುಟ್ಟಿದಾಗಿಂದ ಹುಳ ಸಾಕ್ದೋರು. ಮುಟ್ಟಿ ನೋಡ್ರೀ ಅಂದ್ರೆ ಹೆದರ್ತಾರೆ. ಇವರಿಗೆ ಬುದ್ಧಿ ಮಂಕಾಯ್ತು ಅಂತ ನಾನು ಎಷ್ಟ್ ಬೈದಿದ್ದೀನಿ...”

ನನಗೆ ಅದು ಗೊತ್ತಿರಲಿಲ್ಲ. ಅಂಗಡಿಯಲ್ಲಿ ಆಡಿದ ಸುಳ್ಳು ಅಂಗಡಿಯಲ್ಲೇ ಉಳಿದಿದೆ ಎಂದುಕೊಂಡಿದ್ದೆ. ಅದು ಅವರ ಮನೆಯೊಳಗೆ ಹೋಗಿ ಗಂಡ ಹೆಂಡತಿಯ ನಡುವೆ ಕೂತಿತ್ತು.

ಲಿಂಗ ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. “ಈಗ ಹೋಗ್ಲಾ” ಎಂದ. ಹೊರಟು ಬಂದೆ.

ನಾಳೆ ಸಾತನೂರಿಗೆ ಹೋಗುತ್ತೇನೆ. ಗೌಡರ ಎದುರು ಇದನ್ನೇ ಹೇಳುತ್ತೇನೆ. ನನ್ನ ಮಾತು ನಂಬಿದ ಡ್ರೈವರ್‌ಗಳು, ಗಿರಾಕಿಗಳು ಎಷ್ಟು ಜನ ಸಿಗುತ್ತಾರೋ ಅಷ್ಟೂ ಜನಕ್ಕೆ ಹೇಳುತ್ತೇನೆ. ಸಿಗದವರು ಓದಲಿ ಎಂದು ಇದನ್ನು ಬರೆದಿದ್ದೇನೆ. ಅವರು ನನ್ನ ಅಂಗಡಿಗೆ ಮತ್ತೆ ಬರದಿದ್ದರೆ ಬೇಡ. ಲಿಂಗನನ್ನು ವಾಪಸ್ ಬಾ ಎಂದು ಕರೆಯುವ ಮುಖ ನನಗಿಲ್ಲ, ಕರೆಯುವುದೂ ಇಲ್ಲ. ಆದರೆ ಬೈರಾಪಟ್ಟಣದ ಶಿವಲಿಂಗನ ಕೈ ಅವತ್ತು ಸರಿಯಾಗಿಯೇ ಇತ್ತು, ತಪ್ಪು ಹೇಳಿದ್ದು ನನ್ನ ಬಾಯಿ. ಇದನ್ನು ಅವನು ಬೇರೆಯವರ ಬಾಯಲ್ಲಿ ಕೇಳುವವರೆಗೂ ನಾನು ಹೇಳುತ್ತಲೇ ಇರುತ್ತೇನೆ.