ಮುಯ್ಯಾಳು ಎಂಬ ಮಾತು ಮತ್ತು ನನ್ನ ಸಹಿ

ಬೈಲಹೊಂಗಲದ ಕಾಲೇಜೊಂದರಲ್ಲಿ ಸಂಸ್ಕೃತ ಕಲಿಸುತ್ತಿದ್ದ ನಾನು 2018ರಲ್ಲಿ ನಿವೃತ್ತನಾದೆ. ಮರುವರ್ಷವೇ ಗೆಳೆಯ ವಸಂತ ಒಂದು ಕೆಲಸ ತಂದ. ಹಳೆಯ ಹೀಬ್ರೂ ಸೃಷ್ಟಿಕಥೆಗಳ ಹೊಸ ಕನ್ನಡ ಅನುವಾದ. ಅವನು ಸಂಪಾದಕ, ನಾನು ಮೂಲಭಾಷೆಯ ಪರಿಶೀಲಕ. ಧಾರವಾಡದಲ್ಲಿ ಒಂದೇ ಕೋಣೆಯಲ್ಲಿದ್ದು ಹೀಬ್ರೂ ಕಲಿತವರು ನಾವು. ಅವನ ಮೇಲೆ ನನಗೆ ಎಂದೂ ಅನುಮಾನ ಬಂದಿರಲಿಲ್ಲ.

ಕರಡನ್ನು ಹಳ್ಳಿಯವರ ಮುಂದೆ ಓದಿ, ಅವರು ಎಲ್ಲಿ ತಡೆಯುತ್ತಾರೋ ಅಲ್ಲಿ ತಿದ್ದುವುದು ನಮ್ಮ ಪದ್ಧತಿ. ನಾನು ದೊಡವಾಡದಲ್ಲಿ ಗಂಗವ್ವನ ಮನೆಯ ಕಟ್ಟೆಯ ಮೇಲೆ ಓದುತ್ತಿದ್ದೆ. ಹೊಲ ಮಾಡುವ ಹೆಣ್ಣುಮಗಳು, ಅಕ್ಷರ ಬಾರದು, ಕಿವಿ ಮಾತ್ರ ಬಲು ಚುರುಕು. ಮೊದಲ ಗಂಡಸು ಒಬ್ಬನೇ ಇದ್ದಾನೆಂದು ದೇವರು ಅವನಿಗೊಬ್ಬ 'ಸಹಾಯಕಿ'ಯನ್ನು ಮಾಡಿದ ಎಂಬಲ್ಲಿ ಆಕೆ ತಡೆದಳು.

"ಆಕಿ ಕೂಲಿ ಆಳೇನ್ರಿ ಸರ, ಮುಯ್ಯಾಳೇನ್ರಿ?"

ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು, ಅದು ಮುಯ್ಯಿ. ಅಲ್ಲಿ ಧಣಿಯೂ ಇಲ್ಲ, ಆಳೂ ಇಲ್ಲ. ಮನೆಗೆ ಬಂದು ಮೂಲ ತೆಗೆದೆ. ಪದ 'ಏಜೆರ್'. ಅದರ ಧಾತು, ಅಂದರೆ ಪದ ಹುಟ್ಟುವ ಬೇರು, ಬೇರೆಡೆ ಯುದ್ಧದಲ್ಲಿ ನೆರವಿಗೆ ಬರುವವರಿಗೆ, ದೇವರಿಗೂ ಬಳಕೆಯಾಗಿದೆ. ಕೈಕೆಳಗಿನವಳೆಂಬ ಭಾವ ಅದರಲ್ಲಿಲ್ಲ. ಇಷ್ಟು ವರ್ಷ ಓದಿದ ನನಗೆ ಕಾಣದ್ದು ಆಕೆಗೆ ಕಂಡಿತ್ತು. ನಾಚಿಕೆಯೂ ಆಯಿತು, ಖುಷಿಯೂ ಆಯಿತು. 'ಮುಯ್ಯಾಳು' ಎಂದೇ ತಿದ್ದಿದೆ. ಅಡಿಟಿಪ್ಪಣಿಯಲ್ಲಿ ಗಂಗವ್ವನ ಹೆಸರು ಹಾಕಿಸುವೆನೆಂದು ಮಾತು ಕೊಟ್ಟೆ. ಆಕೆ ಓಣಿಗೆಲ್ಲ ಹೇಳಿಕೊಂಡು ಬಂದಳು.

ಬೆಳಗಾವಿಯಲ್ಲಿದ್ದ ವಸಂತ ಫೋನಿನಲ್ಲಿ ಎರಡಕ್ಕೂ ಒಪ್ಪಿದ. ಸಹಿಗಾಗಿ ಪದೇ ಪದೇ ಅಲ್ಲಿಗೆ ಬಸ್ಸು ಹತ್ತುವುದು ಬೇಡವೆಂದು ನಾನು ಒಪ್ಪಿಗೆ ಹಾಳೆಗಳಿಗೆಲ್ಲ ಮೊದಲೇ ಸಹಿ ಮಾಡಿ ಕೊಟ್ಟಿದ್ದೆ.

ಅಚ್ಚಾದ ಪುಸ್ತಕ ಬಂದಾಗ ಬಿಚ್ಚಿಯೂ ನೋಡದೆ ದೊಡವಾಡಕ್ಕೆ ಒಯ್ದೆ. ಓಣಿಯ ಹೆಂಗಸರು ಕಾದು ಕುಳಿತಿದ್ದರು. ಆ ಪುಟ ತೆಗೆದರೆ 'ಸಹಾಯಕಿ' ಎಂದೇ ಇತ್ತು. ಅಡಿಟಿಪ್ಪಣಿ ಇರಲಿಲ್ಲ. ಕೊನೆಯಲ್ಲಿ, 'ಮೂಲದೊಂದಿಗೆ ತಾಳೆ ನೋಡಿ ಒಪ್ಪಿದ್ದೇನೆ' ಎಂಬ ಸಾಲಿನ ಕೆಳಗೆ ನನ್ನ ಸಹಿ.

ಅಲ್ಲಿಂದಲೇ ವಸಂತನಿಗೆ ಫೋನು ಮಾಡಿದೆ.

"ಹೊಲದಾಗಿನ ಮಾತು ಗ್ರಂಥದಾಗ ಒಪ್ಪಂಗಿಲ್ಲೋ. ಕೇಳಿದ್ರ ನೀ ಬ್ಯಾಡ ಅಂತಿದ್ದಿ, ಅದಕ್ಕ ಕೇಳಲಿಲ್ಲ," ಅಂದ.

ಒಂದೇ ತಾಟಿನಲ್ಲಿ ಉಂಡ ಗೆಳೆಯ ಬೆನ್ನಿಗೆ ಚೂರಿ ಹಾಕಿದ್ದ, ಅದೂ ನನ್ನದೇ ಸಹಿ ಹಿಡಿದು. ನಡೆದದ್ದನ್ನೆಲ್ಲ ಗಂಗವ್ವನಿಗೆ ಹೇಳಿ, ವಸಂತನನ್ನು ಬಾಯಿಗೆ ಬಂದಂತೆ ಬೈದೆ. ಆಕೆ ಪುಸ್ತಕ ಮುಚ್ಚಿ ನನ್ನ ಕೈಗಿಟ್ಟಳು.

"ಅವರನ್ನ ನಾ ಕಂಡಿಲ್ರಿ ಸರ. ನಾ ಮುಯ್ಯಿಗೆ ಬಂದಿದ್ದು ನಿಮ್ಮ ಹೊಲಕ್ಕ."

ಓದದ ಹಾಳೆಗೆ ಸಹಿ ಹಾಕಬಾರದು, ಇದೇ ಈ ಕೆಲಸ ಕಲಿಸಿದ ಪಾಠ ಎಂದು ಕೆಲವು ದಿನ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ಈಗ ಹೇಳುವುದಿಲ್ಲ. ಅದು ವಸಂತನಿಂದ ಕಲಿತದ್ದು. ಗಂಗವ್ವನಿಂದ ಕಲಿತದ್ದು ಬೇರೆ: ಮೋಸ ಹೋದವನು ನಾನೊಬ್ಬನೇ ಆಗಿರಲಿಲ್ಲ, ಮತ್ತು ಆಕೆಯ ಲೆಕ್ಕದಲ್ಲಿ ಮೋಸ ಮಾಡಿದವನು ನಾನು.