ರಿ ಹಚ್ಚಿದ ಬೈಗುಳ

ಆಗುವುದಿಲ್ಲ ಎಂದವರು ನಮ್ಮ ಸೋದರಮಾವ ಖಾದರಸಾಬರು. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರು ಅವರದು ಚಪ್ಪಲಿ ಅಂಗಡಿ. ಗಿರಾಕಿಯ ಕಾಲು ನೋಡಿಯೇ ನಂಬರ್ ಹೇಳುವವರಾದ್ದರಿಂದ ಮನುಷ್ಯರ ಬಗ್ಗೆಯೂ ತಮಗೆ ಎಲ್ಲ ಗೊತ್ತು ಎಂದು ನಂಬಿದ್ದಾರೆ. ಅವರು ನನಗೆ ಎರಡು ಸಲ ‘ಆಗೂದಿಲ್ಲ’ ಎಂದಿದ್ದಾರೆ. ಮೊದಲನೆಯದು, ಚಿತ್ರಕಲೆಯಲ್ಲಿ ಡಿಗ್ರಿ ಮಾಡುತ್ತೇನೆ ಎಂದಾಗ. ಅದನ್ನು ಮಾಡಿದೆ. ದಿನವೂ ಗದಗಿನ ಬಸ್ಸಿಗೆ ನಿಂತು, ಸಂಜೆ ಬಂದು ಓಣಿಯವರ ಸೀರೆಗಳಿಗೆ ಫಾಲ್ ಹೊಲಿದು ಮಾಡಿದೆ. ನಮ್ಮ ಮನೆತನದಲ್ಲಿ ಹೆಸರಿನ ಮುಂದೆ ಡಿಗ್ರಿ ಬರೆದುಕೊಂಡವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ; ಸಂದರ್ಭ ಇಲ್ಲದಿದ್ದರೂ ಹೇಳುತ್ತೇನೆ, ಈಗ ಹೇಳಿದ ಹಾಗೆ.

ಎರಡನೆಯದು, ರೋಣ, ನರಗುಂದ, ಗಜೇಂದ್ರಗಡದ ಸುತ್ತ ಚಿತ್ರ ಬರೆಯುವವರನ್ನೆಲ್ಲ ಸೇರಿಸಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡುತ್ತೇನೆ, ಅಲ್ಲಿ ಒಬ್ಬರ ಚಿತ್ರದ ತಪ್ಪನ್ನು ಇನ್ನೊಬ್ಬರು ಜಗಳವಿಲ್ಲದೆ ಹೇಳುವಂತಾಗಬೇಕು ಎಂದಾಗ.

“ನಮ್ಮ ಮಂದಿ ಮದವಿ ಊಟದಾಗ ಸಾರಿಗೆ ಉಪ್ಪ ಕಮ್ಮಿ ಆತಂತ ಬೀಗರ ಜೋಡಿ ಮಾತ ಬಿಡ್ತಾರವಾ,” ಎಂದರು ಮಾಮಾ. “ಇನ್ನ ಕೈಯಾರೆ ತಗದ ಚಿತ್ರಕ್ಕ ಹೆಸರ ಇಟ್ರ ಸುಮ್ನ ಬಿಡ್ತಾರೇನ?”

ಗುಂಪಿಗೆ ‘ಬಣ್ಣದ ಕಟ್ಟಿ’ ಎಂದು ಹೆಸರಿಟ್ಟೆ. ಕಟ್ಟೆಯ ಮೇಲೆ ಯಾರು ಬೇಕಾದರೂ ಕೂಡಬಹುದಲ್ಲ. ಹಾಗೆ ಬಂದು ಕುಳಿತವರಲ್ಲಿ ರೋಣದ ಒಬ್ಬ ನರ್ಸ್ ಇದ್ದರು, ಕುದುರೆಗಳನ್ನಷ್ಟೇ ಬರೆಯುವ ನರೇಗಲ್ಲಿನ ಹಾಲಿನ ಗಾಡಿಯ ಡ್ರೈವರ್ ಇದ್ದರು, ನರಗುಂದದ ನಿವೃತ್ತ ಬಸ್ ಕಂಡಕ್ಟರ್ ವಿರೂಪಾಕ್ಷಪ್ಪ ಇದ್ದರು. ಸೂಡಿಯ ಗಂಗವ್ವ ಇದ್ದಳು. ಹತ್ತನೆಯ ಇಯತ್ತೆ ಮುಗಿಯುತ್ತಲೇ ಮದುವೆಯಾದ ಗಂಗವ್ವ, ಮಕ್ಕಳಿಬ್ಬರೂ ಸಾಲಿಗೆ ಹೋಗತೊಡಗಿದ ಮೇಲೆ ಡ್ರಾಯಿಂಗ್ ಪರೀಕ್ಷೆಗೆ ಕಟ್ಟಿದ್ದಳು. ಪಾಸಾದರೆ ಮುಂದೆ ಚಿತ್ರಕಲಾ ಶಿಕ್ಷಕಿಯಾಗುವ ದಾರಿ ತೆರೆಯುತ್ತಿತ್ತು. ಗಂಡ ಒಂದು ಶರತ್ತು ಹಾಕಿದ್ದ: ಒಂದೇ ಸಲ ಬರೆಯಬೇಕು, ಆಗದಿದ್ದರೆ ಬಣ್ಣ ಬ್ರಶ್ಶು ಅಟ್ಟಕ್ಕೆ.

ಮೊದಮೊದಲು ಮಾಮಾನ ಮಾತು ಸುಳ್ಳಾಯಿತೆಂದು ನಾನು ಬೀಗಿದೆ. ಜಗಳವೇ ಇಲ್ಲ. ಯಾರು ಏನು ಹಾಕಿದರೂ ‘ಸೂಪರ್’, ‘ಭಾಳ ಚಲೋ’, ಮುಗಿದ ಕೈಗಳು, ಗುಲಾಬಿ ಹೂಗಳು. ಡ್ರೈವರರ ಒಂದು ಕುದುರೆಯ ಬಾಲ ಐದನೆಯ ಕಾಲಿನಂತೆ ನೆಲಕ್ಕೆ ಊರಿಕೊಂಡಿತ್ತು, ಅದಕ್ಕೂ ಸೂಪರ್. ಆಮೇಲೆ ಹೊಳೆಯಿತು: ಇದು ಕಟ್ಟೆಯಲ್ಲ, ಸತ್ಕಾರ ಸಮಾರಂಭ. ಇಲ್ಲಿ ಯಾರೂ ಒಂದಿಂಚೂ ಮುಂದೆ ಹೋಗುವುದಿಲ್ಲ.

ಕಾಲೇಜಿನಲ್ಲಿ ನನಗೆ ಇದರ ತದ್ವಿರುದ್ಧ ಆಗಿತ್ತು. ವಾರಕ್ಕೊಮ್ಮೆ ನಮ್ಮ ಚಿತ್ರಗಳನ್ನು ಗೋಡೆಗೆ ಸಾಲಾಗಿ ತೂಗುಹಾಕಿ ವಿಮರ್ಶೆ ಮಾಡುತ್ತಿದ್ದರು. ಮೊದಲ ವಾರ ಮೇಷ್ಟ್ರು ನನ್ನ ಚಿತ್ರದ ಮುಂದೆ ನಿಂತು, ಇದನ್ನು ಬರೆಯುವಾಗ ನಿನ್ನ ಉದ್ದೇಶ ಏನಿತ್ತು ಎಂದು ಕೇಳಿದರು. ನಾನು ಪ್ರಾಮಾಣಿಕವಾಗಿ “ಮಾರ್ಕ್ಸ್ ಸರ್” ಎಂದೆ. ಇಡೀ ಕ್ಲಾಸು ನಕ್ಕಿತು, ಮೇಷ್ಟ್ರು ಮುಂದಿನ ಚಿತ್ರಕ್ಕೆ ಹೋದರು. ಚಿತ್ರದಲ್ಲಿ ತಪ್ಪೇನಿತ್ತು ಎಂಬುದು ಇವತ್ತಿಗೂ ಗೊತ್ತಾಗಿಲ್ಲ. ಮನೆಗೆ ತಂದು ಅಪ್ಪನಿಗೆ ತೋರಿಸಿದೆ. ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಅವರು ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿ, ಚೌಕಟ್ಟು ಹಾಕಿಸಿದರೆ ಚಲೋ ಕಾಣುತ್ತದೆ ಎಂದರು. ಕಲಿತವರ ಮನೆಯ ಮಕ್ಕಳಿಗೆ ಊಟದ ಜೊತೆ ಸಿಗುವ ಮಾತು ನಮಗೆ ಸಿಗುವುದಿಲ್ಲ. ಹೊರಗೆ ಹೋಗಿ, ನಗಿಸಿಕೊಂಡು, ಅರ್ಧಮರ್ಧ ತರಬೇಕು. ನನ್ನ ಕಟ್ಟೆಯಲ್ಲಿ ಆ ಮಾತು ಪೂರ್ತಿ ಸಿಗಬೇಕು ಎಂಬುದು ನನ್ನ ಹಟ.

ಹಾಗಾಗಿ ಒಂದು ನಿಯಮ ಮಾಡಿದೆ: ‘ಸೂಪರ್’ ಬಂದ್. ಚಿತ್ರದಲ್ಲಿ ಸರಿಯಿಲ್ಲದ್ದನ್ನು ಸರಿಯಿಲ್ಲ ಎನ್ನಬೇಕು. ಅಷ್ಟಕ್ಕೇ ಬಿಟ್ಟರೆ ಮಾಮಾ ಹೇಳಿದ್ದೇ ಆಗುತ್ತದೆಂದು ಅದರ ಬೆನ್ನಿಗೇ ಇನ್ನೊಂದು: ತಪ್ಪು ಹೇಳುವ ಪ್ರತಿ ಮಾತಿಗೂ ‘ರಿ’ ಹಚ್ಚಲೇಬೇಕು, ಹಚ್ಚದಿದ್ದರೆ ಅಡ್ಮಿನ್ ಆದ ನಾನು ಅಳಿಸಿಹಾಕುತ್ತೇನೆ. ನಮ್ಮ ಕಡೆ ‘ಬಾ’ ಎಂದರೆ ಕರೆದಂತೆ, ‘ಬರ್ರಿ’ ಎಂದರೆ ಚಾಪೆ ಹಾಸಿದಂತೆ. ಇಷ್ಟು ಸಣ್ಣ ಅಕ್ಷರ ಅಪ್ಪ ಸೈಕಲ್ ಚೈನಿಗೆ ಬಿಡುವ ಎಣ್ಣೆಯ ಹನಿಯಂತೆ ಎಂಥ ಕರಕರ ಮಾತನ್ನೂ ನಯ ಮಾಡುತ್ತದೆ ಎಂಬುದು ನನ್ನ ಲೆಕ್ಕ. ಈ ನಿಯಮದ ಮೇಲೆ ನನಗೆ ಎಷ್ಟು ಹೆಮ್ಮೆಯಿತ್ತೆಂದರೆ ಅಂಗಡಿಗೆ ಹೋಗಿ ಮಾಮಾನಿಗೆ ಓದಿ ಹೇಳಿ ಬಂದೆ.

ಈ ಭಾಗದಲ್ಲೇ ಹುಟ್ಟಿ ಬೆಳೆದವಳು ಇಂಥ ತಪ್ಪು ಮಾಡಬಾರದಿತ್ತು. ರಿ ಹಚ್ಚಿ ಬೈಯುವುದರಲ್ಲಿ ನಮ್ಮನ್ನು ಮೀರಿಸುವವರು ಯಾರಿದ್ದಾರೆ? ಬರೀ ಬೈಗುಳಕ್ಕೆ ತಿರುಗಿ ಬೈಯಬಹುದು. ರಿ ಹಚ್ಚಿದ್ದಕ್ಕೆ ಏನು ಮಾಡುವುದು? ಮರ್ಯಾದೆಯಿಂದ ಕೊಟ್ಟದ್ದನ್ನು ಮರ್ಯಾದೆಯಿಂದಲೇ ಇಸಿದುಕೊಳ್ಳಬೇಕು.

ಪರೀಕ್ಷೆಗೆ ತಿಂಗಳಿರುವಾಗ ಗಂಗವ್ವ ನೆನಪಿನ ಚಿತ್ರದ ಅಭ್ಯಾಸಕ್ಕೆಂದು ಒಂದು ಎಮ್ಮೆ ಬರೆದು ಹಾಕಿದಳು. ವಿರೂಪಾಕ್ಷಪ್ಪನವರು ಕೆಳಗೆ ಬರೆದರು: “ಇದು ಎಮ್ಮಿ ಏನ್ರಿ, ಟ್ರಂಕ್ ಏನ್ರಿ? ಟ್ರಂಕ್ ಆಗಿದ್ರ ಬೀಗ ಎಲ್ಲೈತ್ರಿ?”

ಮೂರು ರಿ. ನಿಯಮದ ಪ್ರಕಾರ ಅಳಿಸುವ ಹಾಗಿಲ್ಲ. ಗುಂಪಿನಲ್ಲಿ ಅರ್ಧ ಮಂದಿ ಕಣ್ಣೀರು ಬರುವಂತೆ ನಗುವ ಮುಖಗಳನ್ನು ಹಾಕಿದರು. ನಿಜ ಹೇಳಬೇಕೆಂದರೆ ನನಗೂ ನಗು ಬಂತು. ಸಂಜೆ ನೋಡಿದರೆ ಗಂಗವ್ವ ಗುಂಪು ಬಿಟ್ಟು ಹೋಗಿದ್ದಳು.

ಕೂಡಲೇ ಎರಡು ಪಕ್ಷಗಳಾದವು. ಕಂಡಕ್ಟರರನ್ನು ತೆಗೆದುಹಾಕಿ ಎಂದವರು ಕೆಲವರು. ಹಿರಿಯರು, ಮರ್ಯಾದೆ ಕೊಟ್ಟೇ ಮಾತಾಡಿದ್ದಾರೆ ಎಂದವರು ಉಳಿದವರು. ನಾನು ಯಾರನ್ನೂ ತೆಗೆಯಲಿಲ್ಲ. ಡಿಗ್ರಿಯಲ್ಲಿ ಓದಿದ್ದೊಂದು ನೆನಪಾಗುತ್ತಿತ್ತು. ‘ಟೀಕೆ’ ಎಂಬ ಮಾತಿಗೆ ಹಿಂದೆ ಬೈಗುಳದ ವಾಸನೆಯೇ ಇರಲಿಲ್ಲವಂತೆ. ಹಳೆಯ ಪದ್ಯದ ಮುಂದೆ ಕುಳಿತು ಈ ಶಬ್ದಕ್ಕೆ ಈ ಅರ್ಥ, ಆ ಶಬ್ದಕ್ಕೆ ಆ ಅರ್ಥ ಎಂದು ಒಂದೊಂದಾಗಿ ಬಿಡಿಸಿ ಬರೆಯುವುದಕ್ಕೆ ಟೀಕೆ ಎನ್ನುತ್ತಿದ್ದರು. ನಮ್ಮ ಕಡೆಯ ಹೆಂಗಸರು ಕೊರಳಿಗೆ ಹಾಕುವ ಒಂದು ಒಡವೆಗೂ ಟೀಕಿ ಎಂಬ ಹೆಸರಿದೆ. ಅದು ಬೇರೆ ಮಾತು, ಆದರೂ ನನಗೆ ಇಷ್ಟ. ಆ ಟೀಕಾಕಾರರು ಒಂದು ಶಬ್ದವನ್ನು ಬೆರಳಿಟ್ಟು ತೋರಿಸದೆ ಮುಂದೆ ಹೋಗುತ್ತಿರಲಿಲ್ಲ. ನನ್ನ ನಿಯಮದಲ್ಲಿ ಇಲ್ಲದ್ದು ಆ ಬೆರಳು.

ಕಂಡಕ್ಟರರಿಗೆ ಫೋನು ಮಾಡಿದೆ. ಟ್ರಂಕ್ ಅಂದಿರಲ್ಲ, ಚಿತ್ರದಲ್ಲಿ ಎಲ್ಲಿ ಟ್ರಂಕ್ ಆಗಿದೆ, ಅಷ್ಟು ತೋರಿಸಿ ಎಂದೆ.

“ಎಲ್ಲಾ ಕಡೆನೂ ಆಗೇತಿ, ಅಡ್ಮಿನ್ನರ.”

“ಎಲ್ಲಾ ಕಡೆ ಅಂತ ಒಂದ ಸ್ಟಾಪ್ ಇರೂದಿಲ್ರಿ ಕಾಕಾರ. ಒಂದ ಕಡೆ ಇಳೀಬೇಕು.”

ಮರುದಿನ ಮಧ್ಯಾಹ್ನ ಗಂಗವ್ವನ ಎಮ್ಮೆಯೇ ನನ್ನ ಫೋನಿಗೆ ಬಂತು, ಹೊಟ್ಟೆಯ ಕೆಳಗೆ ಒಂದು ಕೆಂಪು ಸುತ್ತು ಹಾಕಿಸಿಕೊಂಡು. ಜೊತೆಗೆ ಧ್ವನಿಯಲ್ಲಿ ಹೇಳಿದ ಮಾತು. “ಬಾಜೂ ಮನಿಯವರ ಎಮ್ಮಿ ನೋಡಾಕ ಹೋಗಿದ್ದೆ. ಬಾಲದಲೆ ಮಾರಿಗೆ ಒಂದ ಬಾರಿಸ್ತು, ಅದಿರಲಿ. ಇಕಿ ಹೊಟ್ಟೀ ಗೀಟ ನೆಟ್ಟಗ ಎಳದಾಳ, ಅದಕ್ಕ ಟ್ರಂಕ್ ಕಾಣ್ತೈತಿ. ಇಷ್ಟ ಜೋತ ಬಿಟ್ರ ಎಮ್ಮಿ ಆಕೈತ್ರಿ. ಮತ್ತ ಕಣ್ಣ ಭಾಳ ಚಲೋ ತಗದಾಳ. ನಿನ್ನಿ ನಾ ಅದನ್ನ ನೋಡಿರಲಿಲ್ರಿ.”

ನಾನು ಸ್ಕೂಟಿ ಹತ್ತಿ ಸೂಡಿಗೆ ಹೋದೆ. ಗಂಗವ್ವ ಚಹಾ ಕೊಟ್ಟಳು, ಎಮ್ಮೆಯ ಮಾತೆತ್ತಲಿಲ್ಲ. ನಾನೇ ಎತ್ತಿದ ಮೇಲೆ ಹೇಳಿದಳು: “ಅವರು ನಕ್ಕಿದ್ದಕ್ಕ ನಂಗೇನ ಇಲ್ಲ ಅಕ್ಕಾರ. ನಮ್ಮ ಮನ್ಯಾಗ ಎಲ್ಲಾರಿಗೂ ಇರೂದು ಒಂದ ಫೋನ್. ಹುಡುಗೂರ ಎಲ್ಲಾರ ಮುಂದ ಓದಿ ಹೇಳಿದ್ವು. ನಮ್ಮನಿಯವರು, ಬೀಗ ಹಾಕ್ಕೊಂಡ ಕುಂಡ್ರು ಇನ್ನ, ಅಂದ್ರು.”

ನಾನು ಉಪದೇಶ ಮಾಡಲಿಲ್ಲ. ನಗಿಸಿಕೊಂಡವರಿಗೆ ಉಪದೇಶ ನಾಟುವುದಿಲ್ಲವೆಂದು ನನಗೆ ಗೊತ್ತಿದೆ. ಕೆಂಪು ಸುತ್ತು ತೋರಿಸಿ, ಕಂಡಕ್ಟರರ ಧ್ವನಿ ಕೇಳಿಸಿದೆ. ಬಾಲದ ಏಟಿಗೆ ಅವಳು ನಕ್ಕಳು. ಕಣ್ಣಿನ ಮಾತು ಬಂದಾಗ ಇನ್ನೊಮ್ಮೆ ಕೇಳಿಸಿರಿ ಎಂದಳು. ಆಮೇಲೆ ಒಳಗೆ ಹೋಗಿ ಪೆನ್ಸಿಲ್ ತಂದು, ಹೊಟ್ಟೆಯ ಗೆರೆಯನ್ನು ರಬ್ಬರಿನಿಂದ ಅಳಿಸಿ, ಒಂದಿಷ್ಟು ಕೆಳಗಿಳಿಸಿದಳು. ಟ್ರಂಕ್ ಹೋಯಿತು. ಎಮ್ಮೆ ನಿಂತಿತು.

ಅವತ್ತಿನಿಂದ ಕಟ್ಟೆಯಲ್ಲಿ ಒಂದೇ ನಿಯಮ: ತಪ್ಪು ಹೇಳುವವರು ಎಲ್ಲಿ ಎಂದು ಸುತ್ತು ಹಾಕಿ ತೋರಿಸಬೇಕು. ರಿ ಬೇಕಿದ್ದರೆ ಹಚ್ಚಲಿ. ವಿಚಿತ್ರವೆಂದರೆ ಸುತ್ತು ಹಾಕುವಷ್ಟು ಹತ್ತಿರದಿಂದ ನೋಡಿದವರಿಗೆ ಬೈಯಲು ಉಮೇದು ಉಳಿಯುವುದಿಲ್ಲ. ರಿ ತಾನಾಗಿಯೇ ಬರುತ್ತದೆ. ಡ್ರೈವರರ ಕುದುರೆ ಈಗ ನಾಲ್ಕು ಕಾಲಿನ ಮೇಲೆ ಓಡುತ್ತದೆ. ಗುಂಪಿನಲ್ಲಿ ಜಗಳ ಆಗುವುದಿಲ್ಲವೇ ಎಂದರೆ ಆಗುತ್ತದೆ, ಆದರೆ ಬಣ್ಣದ ಮೇಲೆ, ನೆರಳಿನ ಮೇಲೆ ಆಗುತ್ತದೆ. ಇದನ್ನು ನಾನು ಮಾಡಿದೆ ಎಂದು ಎದೆ ತಟ್ಟಿ ಹೇಳುತ್ತೇನೆ. ಮಾಮಾ ಮಾತ್ರ, ತಾವು ಆಗೂದಿಲ್ಲ ಅಂದದ್ದಕ್ಕೇ ನನಗೆ ಛಲ ಬಂತು, ಆದ್ದರಿಂದ ಅರ್ಧ ಪಾಲು ತಮ್ಮದು ಎಂದು ಗಿರಾಕಿಗಳ ಮುಂದೆ ಹೇಳುತ್ತಿರುತ್ತಾರೆ. ಈ ವಿಷಯದಲ್ಲಿ ನಾನು ಹಿರಿಯರ ಮಾತು ಮೀರಿಲ್ಲ.

ಗಂಗವ್ವ ಕಟ್ಟೆಗೆ ಮರಳಿ ಬಂದಳು, ಪರೀಕ್ಷೆ ಬರೆದಳು, ಪಾಸಾದಳು. ಸರ್ಟಿಫಿಕೇಟ್ ನರೇಗಲ್ಲಿನ ಒಂದು ಶಾಲೆಗೆ ಬಂದಿತ್ತು. ನನ್ನನ್ನೂ ಕರೆದಿದ್ದಳು. ಹೋಗಿ ನೋಡಿದರೆ ಅವಳ ಜೊತೆ ಅತ್ತೆ ಬಂದಿದ್ದರು, ತೆಳ್ಳಗಿನ ಮುದುಕಿ, ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು. ಹೆಡ್ ಮಾಸ್ತರರು ಕುರ್ಚಿಯಿಂದ ಎದ್ದು ನಿಂತು ಎರಡೂ ಕೈಯಿಂದ ಸರ್ಟಿಫಿಕೇಟ್ ಕೊಟ್ಟರು. ಗಂಗವ್ವ ಎರಡೂ ಕೈಯಿಂದ ತೆಗೆದುಕೊಂಡಳು. ನಾನು ತೆಗೆದ ಫೋಟೋ ಅಲ್ಲಾಡಿ ಬಂದಿದೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಆ ಕಾಗದವನ್ನು ಇಸಿದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ಸೊಸೆಗೆ ವಾಪಸು ಕೊಟ್ಟು ಹೇಳಿದರು:

“ಇನ್ನ ಮ್ಯಾಲೆ ಮೊದಲ ನನ್ನ ಮಾರಿ ತಗಿ. ಒಂದ ಸುಕ್ಕೂ ಬಿಡಬ್ಯಾಡ ನೋಡ. ಪುಕ್ಕಟ ಬಂದಿಲ್ಲ ಅವು.”